ಮಾತು ತಿದ್ದುವುದೋ, ಮಾತಿಗೆ ದಾರಿ ಮಾಡುವುದೋ: ಎಡಿಎಚ್‌ಡಿ ಮಕ್ಕಳ ಸ್ಪೀಚ್ ಥೆರಪಿ ಕುರಿತು ಒಂದು ಸಂವಾದ

ಗಮನವನ್ನು ಬೇಕಾದ ಕಡೆ ಬೇಕಾದಷ್ಟು ಹೊತ್ತು ನಿಲ್ಲಿಸುವುದು, ಮೈಯ ಚಡಪಡಿಕೆಯನ್ನು ಹದದಲ್ಲಿಡುವುದು, ದುಡುಕನ್ನು ತಡೆಯುವುದು ಕಷ್ಟವಾಗುವ ಬೆಳವಣಿಗೆಯ ಸ್ಥಿತಿಗೆ ಎಡಿಎಚ್‌ಡಿ ಎಂದು ಹೆಸರು. ನಾನಾ ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಸುಮಾರು ಶೇಕಡಾ 5ರಷ್ಟು ಮಕ್ಕಳಲ್ಲಿ ಇದು ಕಂಡುಬಂದಿದೆ. 1902ರಲ್ಲಿ ಲಂಡನ್ನಿನ ವೈದ್ಯ ಜಾರ್ಜ್ ಸ್ಟಿಲ್ ತಮ್ಮ ಉಪನ್ಯಾಸಗಳಲ್ಲಿ ಇಂಥ ಮಕ್ಕಳನ್ನು ವರ್ಣಿಸಿ, ಅವರಲ್ಲಿರುವುದು ನೈತಿಕ ನಿಯಂತ್ರಣದ ದೋಷ ಎಂದಿದ್ದರು. ಇವತ್ತಿನ ವೈದ್ಯಶಾಸ್ತ್ರ ಅದನ್ನು ನಡತೆಯ ದೋಷವೆಂದು ನೋಡುವುದಿಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಡಿಎಸ್‌ಎಂ-5 ಕೈಪಿಡಿಯ ಪ್ರಕಾರ, ಲಕ್ಷಣಗಳು 12 ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕು, ಮನೆ, ಶಾಲೆಯಂಥ ಎರಡಾದರೂ ಕಡೆಗಳಲ್ಲಿ ಕಾಣಬೇಕು, ಬದುಕಿಗೆ ತೊಡಕಾಗಿರಬೇಕು.

ಇಂಥ ಮಕ್ಕಳಲ್ಲಿ ಅನೇಕರನ್ನು ಸ್ಪೀಚ್ ಥೆರಪಿಗೂ ಕರೆತರುತ್ತಾರೆ. ಆ ಥೆರಪಿಯ ಗುರಿ ಏನಿರಬೇಕು ಎಂಬುದರಲ್ಲಿ ಒಮ್ಮತವಿಲ್ಲ. ಉಳಿದ ಮಕ್ಕಳ ಹಾಗೆ ಕೂತು, ಮುಖ ನೋಡಿ, ಸರದಿ ಕಾದು ಮಾತಾಡುವಂತೆ ಮಗುವನ್ನು ತಿದ್ದುವುದು ಹಳೆಯ ಕ್ರಮ. ಮಗುವಿನ ಮಿದುಳು ಕೆಲಸ ಮಾಡುವ ಬಗೆಯನ್ನು ಒಪ್ಪಿಕೊಂಡು, ಅದರ ಮಾತು ಇತರರಿಗೂ ಇತರರ ಮಾತು ಅದಕ್ಕೂ ತಲುಪುವಂತೆ ನೆರವಾಗುವುದು ಹೊಸ ಕ್ರಮ. ನರವೈವಿಧ್ಯವನ್ನು ಒಪ್ಪುವ ಥೆರಪಿ ಎಂದು ಇದನ್ನು ಕರೆಯುತ್ತಾರೆ. ಇಲ್ಲಿ ಮಾತಾಡುವವರು ಇಬ್ಬರು. ಒಬ್ಬರು ಕನ್ನಡ ಶಾಲೆಯಲ್ಲಿ ದೀರ್ಘಕಾಲ ಪಾಠ ಮಾಡಿದ, ಹೊಸ ಕ್ರಮದ ಬಗ್ಗೆ ಅನುಮಾನವಿರುವ ಮೇಷ್ಟ್ರು. ಇನ್ನೊಬ್ಬರು ಅದನ್ನು ನಂಬಿ ಕೆಲಸ ಮಾಡುವ ಕಿರಿಯ ಥೆರಪಿಸ್ಟ್. ಮೊದಲ ಪ್ರಶ್ನೆ, ಈ ಮಕ್ಕಳಿಗೆ ಸ್ಪೀಚ್ ಥೆರಪಿ ಬೇಕೇ ಎಂಬುದು.

ಮೇಷ್ಟ್ರು: ಬುಡದಿಂದಲೇ ಶುರುಮಾಡೋಣ. ತೊದಲುವ ಮಗುವಿಗೆ, ಮಾತು ತಡವಾದ ಮಗುವಿಗೆ ಸ್ಪೀಚ್ ಥೆರಪಿ ಬೇಕು ಅಂದರೆ ಅರ್ಥವಾಗುತ್ತದೆ. ಎಡಿಎಚ್‌ಡಿ ಇರುವ ಮಕ್ಕಳು ಬಾಯಿ ಮುಚ್ಚುವುದೇ ಇಲ್ಲ. ಅವರಿಗೆ ಮಾತಿನಲ್ಲಿ ಕಲಿಸುವುದು ಏನಿದೆ?

ಥೆರಪಿಸ್ಟ್: ತುಂಬ ಮಾತಾಡುವುದು ಬೇರೆ, ಹೇಳಬೇಕಾದದ್ದನ್ನು ದಾಟಿಸುವುದು ಬೇರೆ. ಡಿಎಸ್‌ಎಂನಲ್ಲಿ ಚಡಪಡಿಕೆ ಮತ್ತು ದುಡುಕಿಗೆ ಒಂಬತ್ತು ಲಕ್ಷಣಗಳ ಪಟ್ಟಿ ಇದೆ. ಅದರಲ್ಲಿ ಮೂರು ನೇರವಾಗಿ ಮಾತಿನವೇ: ಅತಿಯಾಗಿ ಮಾತಾಡುವುದು, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳಿಬಿಡುವುದು, ಇನ್ನೊಬ್ಬರ ಮಾತಿನ ನಡುವೆ ನುಗ್ಗುವುದು. ಗಮನದ ಪಟ್ಟಿಯಲ್ಲೂ ಎದುರಿಗೆ ನಿಂತು ಹೇಳಿದರೂ ಕೇಳಿಸಿಕೊಳ್ಳದವರ ಹಾಗೆ ಇರುವುದು ಅಂತ ಒಂದು ಲಕ್ಷಣ ಬರುತ್ತದೆ. ಅಂದಮೇಲೆ ಇದು ಮಾತಿನಲ್ಲೇ ಎದ್ದು ಕಾಣುವ ಸ್ಥಿತಿ.

ಮೇಷ್ಟ್ರು: ಅವೆಲ್ಲ ನಡವಳಿಕೆಯ ವಿಷಯ. ಭಾಷೆಯ ವಿಷಯ ಹೇಗಾಯಿತು?

ಥೆರಪಿಸ್ಟ್: ಭಾಷೆಯೊಳಗೂ ತೊಡಕು ಇರುತ್ತದೆ. ಕೆನಡಾದ ರೋಸ್ಮರಿ ಟ್ಯಾನಕ್ ಮತ್ತು ಸಂಗಡಿಗರು 1993ರಲ್ಲಿ ಎಡಿಎಚ್‌ಡಿ ಇರುವ ಹುಡುಗರಿಗೆ ಕತೆ ಕೇಳಿಸಿ, ಅದನ್ನೇ ತಿರುಗಿ ಹೇಳಿಸಿದರು. ಕತೆಯ ತಿರುಳು ಹುಡುಗರಿಗೆ ತಿಳಿದಿತ್ತು. ಹೇಳುವಾಗ ಮಾತ್ರ ವಿವರಗಳು ಬಿಟ್ಟುಹೋದವು, ಘಟನೆಗಳ ಸಾಲು ಕದಡಿತು. ಪಾಠ ಗೊತ್ತಿದ್ದೂ ಉತ್ತರ ಹೇಳಲು ಬಾರದ ಮಗುವನ್ನು ನೀವು ನೋಡಿಲ್ಲವೆ? ಇದರ ಜೊತೆಗೆ ಕೆಲವು ಮಕ್ಕಳಲ್ಲಿ ಬೆಳವಣಿಗೆಯ ಭಾಷಾ ತೊಡಕು ಎಂಬ ಇನ್ನೊಂದು ಸ್ಥಿತಿಯೂ ಸೇರಿರುತ್ತದೆ. ವ್ಯಾಕರಣ, ಪದಸಂಪತ್ತು, ಗ್ರಹಿಕೆ ಇವುಗಳಲ್ಲೇ ಹಿನ್ನಡೆ ಇದ್ದರೆ ಅದನ್ನು ಪರೀಕ್ಷೆ ಮಾಡಿ ಬೇರ್ಪಡಿಸಬೇಕು. ಹೊರಗಿನಿಂದ ನೋಡುವವರಿಗೆ ಗಮನವಿಲ್ಲದ ಮಗುವೂ ಮಾತು ಅರ್ಥವಾಗದ ಮಗುವೂ ಒಂದೇ ಥರ ಕಾಣುತ್ತಾರೆ.

ಮೇಷ್ಟ್ರು: ಅದು ನಿಜ. ಕಿಟಕಿಯ ಕಡೆ ನೋಡುತ್ತ ಕೂತ ಹುಡುಗಿಗೆ ಪಾಠ ಬೇಸರವೋ, ಅರ್ಥವಾಗಿಲ್ಲವೋ ಹೇಳುವುದು ಕಷ್ಟ. ಗಲಾಟೆ ಮಾಡುವ ಹುಡುಗನ ಮೇಲೆ ಎಲ್ಲರ ಕಣ್ಣು ಬೀಳುತ್ತದೆ. ಸದ್ದಿಲ್ಲದೆ ಕಳೆದುಹೋದ ಹುಡುಗಿಯ ಮೇಲೆ ಬೀಳುವುದಿಲ್ಲ.

ಥೆರಪಿಸ್ಟ್: ಶಾಲೆ ಅಂಥ ಹುಡುಗಿಯರನ್ನು ತಡವಾಗಿ ಗುರುತಿಸುತ್ತದೆ. ಗುರುತಿಸಿದರೂ ಸಭ್ಯೆ, ಸ್ವಲ್ಪ ಮಂದ ಅಂತ ಸುಮ್ಮನಾಗುತ್ತದೆ.

ಥೆರಪಿ ಬೇಕೆಂಬುದನ್ನು ಮೇಷ್ಟ್ರು ಇಷ್ಟರಮಟ್ಟಿಗೆ ಒಪ್ಪುತ್ತಾರೆ. ಹೇಗಿರಬೇಕು ಎಂಬಲ್ಲಿ ಭಿನ್ನಾಭಿಪ್ರಾಯ ಶುರುವಾಗುತ್ತದೆ. ಅದರ ಮೊದಲ ವಿಷಯ ಮೈಯ ಚಲನೆ.

ಮೇಷ್ಟ್ರು: ಕೂತು ಕೇಳುವುದನ್ನು ಕಲಿಸುವುದು ಶಾಲೆಯ ಮೊದಲ ಪಾಠ. ನಿಮ್ಮ ಕ್ರಮದಲ್ಲಿ ಮಗು ನಿಂತಿರಬಹುದು, ಓಡಾಡಬಹುದು, ಕೈಯಲ್ಲಿ ಏನಾದರೂ ತಿರುವುತ್ತಿರಬಹುದು ಅಂತ ಕೇಳಿದ್ದೇನೆ. ಇದು ಮಗುವಿಗೆ ಮಾಡುವ ಉಪಕಾರವೆ?

ಥೆರಪಿಸ್ಟ್: ಕಣ್ಣು ಮಾತಾಡುವವರ ಮೇಲೆ, ಕೈ ಮಡಿಲಲ್ಲಿ, ಕಾಲು ನೆಲದ ಮೇಲೆ ಇಟ್ಟು ಇಡೀ ದೇಹದಿಂದ ಕೇಳಬೇಕು ಎಂಬ ಪಾಠಕ್ಕೆ ನಮ್ಮ ಕ್ಷೇತ್ರದಲ್ಲಿ ಒಂದು ಚರಿತ್ರೆ ಇದೆ. 1990ರಲ್ಲಿ ಸುಸಾನ್ ಟ್ರೂಸ್‌ಡೇಲ್ ಎಂಬ ಅಮೆರಿಕದ ಸ್ಪೀಚ್ ಥೆರಪಿಸ್ಟ್ ಅದನ್ನು ಬರೆದರು. ಎಷ್ಟೋ ತರಗತಿಗಳ ಗೋಡೆಗಳಿಗೆ ಅದು ಚಿತ್ರಪಟವಾಗಿ ಏರಿತು. ಆದರೆ ಎಡಿಎಚ್‌ಡಿ ಇರುವ ಮಗು ಕೈಕಾಲು ಅಲುಗದಂತೆ ತಡೆಯಲು ತನ್ನ ಗಮನವನ್ನೆಲ್ಲ ಖರ್ಚು ಮಾಡಿದರೆ ಕೇಳಲು ಏನು ಉಳಿಯಿತು? ಅಮೆರಿಕದಲ್ಲಿ 2015ರಲ್ಲಿ ಪ್ರಕಟವಾದ ಡಸ್ಟಿನ್ ಸಾರ್ವರ್ ಮತ್ತು ಸಂಗಡಿಗರ ಅಧ್ಯಯನದಲ್ಲಿ 8ರಿಂದ 12 ವರ್ಷದ ಹುಡುಗರಿಗೆ ನೆನಪಿನ ಕೆಲಸ ಕೊಟ್ಟು ಅವರ ಚಲನೆಯನ್ನು ದಾಖಲಿಸಿದರು. ಎಡಿಎಚ್‌ಡಿ ಇದ್ದ ಹುಡುಗರಲ್ಲಿ ಮೈ ಹೆಚ್ಚು ಅಲುಗಿದಾಗ ಕೆಲಸ ಚೆನ್ನಾಗಿ ಆಯಿತು. ಎಡಿಎಚ್‌ಡಿ ಇಲ್ಲದವರಲ್ಲಿ ಇದಕ್ಕೆ ವಿರುದ್ಧವಾಯಿತು.

ಮೇಷ್ಟ್ರು: ಆ ಎರಡನೆಯ ಮಾತನ್ನು ಬಿಡಬೇಡಿ. ಪಕ್ಕದಲ್ಲಿ ಕೂತ, ಎಡಿಎಚ್‌ಡಿ ಇಲ್ಲದ ಮಗು ತಾನೂ ಅಲುಗಾಡಿದರೆ ಅದರ ಕೆಲಸ ಕೆಡುತ್ತದೆ ಅಂತಾಯಿತಲ್ಲ. ಥೆರಪಿ ಕೋಣೆಯಲ್ಲಿ ನಿಮ್ಮೆದುರು ಒಂದು ಮಗು. ಶಿಕ್ಷಣ ಹಕ್ಕು ಕಾಯ್ದೆ ಪ್ರಾಥಮಿಕ ತರಗತಿಗೆ 30 ಮಕ್ಕಳಿಗೆ ಒಬ್ಬ ಶಿಕ್ಷಕ ಅನ್ನುತ್ತದೆ. ಕಾಯ್ದೆಯಂತೆ ನಡೆದರೂ ಒಬ್ಬನ ಓಡಾಟ ಇಪ್ಪತ್ತೊಂಬತ್ತು ಮಕ್ಕಳ ಕಣ್ಣ ಮುಂದೆ ನಡೆಯುತ್ತದೆ.

ಥೆರಪಿಸ್ಟ್: ಅದಕ್ಕೇ ಚಲನೆಗೆ ಒಂದು ಜಾಗ, ಒಂದು ರೂಪ ಹುಡುಕುವುದು. ಕೊನೆಯ ಸಾಲಿನಲ್ಲಿ ನಿಂತು ಬರೆಯಲು ಬಿಡಬಹುದು. ಕರಿಹಲಗೆ ಒರೆಸುವುದು, ಪುಸ್ತಕ ಹಂಚುವುದು ಆ ಮಗುವಿನ ಕೆಲಸವಾಗಬಹುದು. ಸದ್ದಿಲ್ಲದ ವಸ್ತುವೊಂದು ಕೈಯಲ್ಲಿರಬಹುದು. ಇದಕ್ಕೆ ಖರ್ಚಿಲ್ಲ. ಮುಖ ನೋಡುವ ವಿಷಯವೂ ಹೀಗೇ. ಕಣ್ಣಲ್ಲಿ ಕಣ್ಣಿಡುವುದನ್ನು ನಾವು ಗುರಿಯಾಗಿ ಬರೆಯುವುದಿಲ್ಲ. ಕೇಳಿದ್ದು ತಲುಪಿತೇ ಎಂಬುದನ್ನು ಅಳೆಯುತ್ತೇವೆ.

ಮೇಷ್ಟ್ರು: ಸರಿ, ಹಿಂದಿನ ಸಾಲಿನಲ್ಲಿ ನಿಲ್ಲಲಿ. ಆದರೆ ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ನಾಳೆ ಕೆಲಸದ ಸಂದರ್ಶನದಲ್ಲಿ ಕೂರಲೇಬೇಕಾದ ಗಳಿಗೆ ಬರುತ್ತದೆ. ಅದಕ್ಕೆ ಅಭ್ಯಾಸ ಬೇಡವೆ?

ಥೆರಪಿಸ್ಟ್: ಬೇಕು. ಎಲ್ಲಿ ಕೂರಲೇಬೇಕು, ಎಷ್ಟು ಹೊತ್ತು, ಯಾಕೆ ಅಂತ ಮಗುವಿಗೆ ಹೇಳಿ, ಕಷ್ಟವಾದಾಗ ಏನು ಮಾಡಬಹುದು ಅಂತ ಜೊತೆಯಲ್ಲೇ ಕಲಿಸಿದರೆ ನನ್ನ ತಕರಾರಿಲ್ಲ. ದಿನವಿಡೀ ಮೈ ಬಿಗಿಹಿಡಿದು ಇರು ಅನ್ನುವುದಕ್ಕೆ ತಕರಾರಿದೆ.

ಮುಂದಿನ ವಿಷಯ ತರಗತಿಯ ಮಾತು. ಸೂಚನೆ ಕೊಡುವ ಕ್ರಮ, ಮಗು ತನ್ನಷ್ಟಕ್ಕೆ ಆಡಿಕೊಳ್ಳುವ ಮಾತು ಎರಡೂ ಇಲ್ಲಿ ಬರುತ್ತವೆ.

ಮೇಷ್ಟ್ರು: ಹೇಳಿದ್ದು ತಲುಪಿತೇ ಅಂದಿರಿ. ಒಂದೇ ಮಾತನ್ನು ನಾಲ್ಕು ಸಲ ಹೇಳಿದರೂ ತಲುಪದ ಮಕ್ಕಳಿದ್ದಾರೆ. ಅದರಲ್ಲಿ ಶಿಕ್ಷಕರ ಪಾಲೇನು?

ಥೆರಪಿಸ್ಟ್: ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ನಿನ್ನೆ ಕೊಟ್ಟ ನೀಲಿ ಹೊದಿಕೆಯ ಪುಸ್ತಕವನ್ನು ಚೀಲದಿಂದ ತೆಗೆದು, ಹನ್ನೆರಡನೇ ಪುಟ ತೆರೆದು, ಮೊದಲ ಪ್ರಶ್ನೆ ಬಿಟ್ಟು ಎರಡನೆಯದಕ್ಕೆ ಉತ್ತರ ಬರೆಯಿರಿ’ ಅಂದರೆ ಏನು ಮಾಡಬೇಕು ಅನ್ನುವುದು ಕಟ್ಟಕಡೆಗೆ ತಿಳಿಯುತ್ತದೆ. ಅಲ್ಲಿಯವರೆಗೆ ಎಲ್ಲವನ್ನೂ ಮನಸ್ಸಿನಲ್ಲಿ ಹಿಡಿದಿರಬೇಕು. ಆ ಕ್ಷಣದ ನೆನಪೇ ಈ ಮಕ್ಕಳಲ್ಲಿ ದುರ್ಬಲ. ‘ಪುಸ್ತಕ ತೆಗೆಯಿರಿ. ಹನ್ನೆರಡನೇ ಪುಟ. ಎರಡನೇ ಪ್ರಶ್ನೆ.’ ಹೀಗೆ ಮೂರು ತುಂಡು ಮಾಡಿ, ಒಂದು ಮುಗಿದ ಮೇಲೆ ಇನ್ನೊಂದು ಹೇಳಿ, ಹಲಗೆಯ ಮೇಲೂ ಬರೆದರೆ ಅದೇ ಮಗು ಮಾಡುತ್ತದೆ. ಇದು ಥೆರಪಿಯ ದೊಡ್ಡ ಭಾಗ. ಕಲಿಯಬೇಕಾದವರು ಇಲ್ಲಿ ದೊಡ್ಡವರು.

ಮೇಷ್ಟ್ರು: ಆದರೆ ಉದ್ದ ವಾಕ್ಯ ಹಿಡಿಯುವುದನ್ನು ಮಗು ಯಾವಾಗ ಕಲಿಯಬೇಕು? ಏಳನೇ ತರಗತಿಯ ಸಮಾಜ ಪುಸ್ತಕ ತುಂಡು ತುಂಡಾಗಿ ಬರೆದಿರುವುದಿಲ್ಲ.

ಥೆರಪಿಸ್ಟ್: ಅದನ್ನೂ ಕಲಿಸುತ್ತೇವೆ. ಕನ್ನಡದಲ್ಲಿ ‘ಎದ್ದು, ಮುಖ ತೊಳೆದು, ತಿಂಡಿ ತಿಂದು, ಹೊರಟ’ ಅಂತ ಕ್ರಿಯೆಗಳನ್ನು ಪೋಣಿಸುವ ಅನುಕೂಲವಿದೆ. ನಾಲ್ಕು ಚಿತ್ರ ಇಟ್ಟು, ಒಂದೊಂದಕ್ಕೆ ಒಂದು ಮಾತು ಹೇಳಿಸಿ, ಆಮೇಲೆ ಒಂದೇ ವಾಕ್ಯವಾಗಿ ಕಟ್ಟಿಸುತ್ತೇವೆ. ಯಾರು, ಎಲ್ಲಿ, ಏನಾಯಿತು, ಯಾಕೆ, ಕೊನೆಗೇನಾಯಿತು ಎಂಬ ಚೌಕಟ್ಟು ಕೊಟ್ಟು ಕತೆ ಹೇಳಿಸುತ್ತೇವೆ. ಕತೆ ಮಗುವಿಗೆ ಇಷ್ಟವಾದ ವಿಷಯದ್ದೇ ಆಗಿರಲಿ. ಕ್ರಿಕೆಟ್ಟೋ ಜೆಸಿಬಿಯೋ ಆಗಬಹುದು. ಆಸಕ್ತಿ ಇದ್ದಲ್ಲಿ ಗಮನ ನಿಲ್ಲುತ್ತದೆ.

ಮೇಷ್ಟ್ರು: ಪರೀಕ್ಷೆ ಬರೆಯುವಾಗ, ಓದುವಾಗ ಕೆಲವರು ಬಾಯಲ್ಲೇ ಗೊಣಗಿಕೊಳ್ಳುತ್ತಾರೆ. ಮೌನವಾಗಿ ಓದು ಅನ್ನುವುದು ಶಾಲೆಯ ವಾಡಿಕೆ. ಅದೂ ತಪ್ಪೇ?

ಥೆರಪಿಸ್ಟ್: ಆ ಗೊಣಗಾಟ ಮಗುವಿನ ಸಾಧನ. ರಷ್ಯಾದ ವೈಗೋಟ್‌ಸ್ಕಿ 1934ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಇದನ್ನು ವಿವರಿಸಿದ್ದಾರೆ. ಮಕ್ಕಳು ಮೊದಲು ಗಟ್ಟಿಯಾಗಿ ತಮಗೆ ತಾವೇ ಹೇಳಿಕೊಂಡು ಕೆಲಸ ಮಾಡುತ್ತಾರೆ, ಆ ಮಾತು ಕ್ರಮೇಣ ಒಳಗಿಳಿದು ಯೋಚನೆಯಾಗುತ್ತದೆ. ಲಾರಾ ಬರ್ಕ್ ಮತ್ತು ಮೈಕೆಲ್ ಪಾಟ್ಸ್ 1991ರಲ್ಲಿ ತೋರಿಸಿದಂತೆ ಎಡಿಎಚ್‌ಡಿ ಇರುವ ಹುಡುಗರಲ್ಲಿ ಈ ಇಳಿಯುವಿಕೆ ತಡವಾಗುತ್ತದೆ. ರಸೆಲ್ ಬಾರ್ಕ್ಲಿ 1997ರಲ್ಲಿ ಮುಂದಿಟ್ಟ ಸಿದ್ಧಾಂತದಲ್ಲೂ ತನಗೆ ತಾನೇ ಹೇಳಿಕೊಳ್ಳುವ ಮಾತಿಗೆ ಮುಖ್ಯ ಜಾಗವಿದೆ. ಒಳಗಿನ ಮಾತು ಇನ್ನೂ ಗಟ್ಟಿಯಾಗದ ಮಗುವಿಗೆ ಹೊರಗಿನ ಮಾತನ್ನೂ ಕಿತ್ತುಕೊಂಡರೆ ಅದು ಯಾವುದರಿಂದ ತನ್ನನ್ನು ನಡೆಸಿಕೊಳ್ಳಬೇಕು? ಪಿಸುಮಾತಿನಲ್ಲಿ ಹೇಳಿಕೊಳ್ಳಲು ಬಿಡಿ.

ಮೇಷ್ಟ್ರು: ಇದನ್ನು ಎಲ್ಲ ಶಿಕ್ಷಕರಿಗೂ ಹೇಳಬೇಕು. ಇದಕ್ಕೆ ನನ್ನ ವಿರೋಧವಿಲ್ಲ.

ಇನ್ನೂ ಕಠಿಣವಾದ ಪ್ರಶ್ನೆ ಗೆಳೆತನದ್ದು. ಮಾತಿನ ನಡುವೆ ನುಗ್ಗುವ, ಸರದಿ ಕಾಯದ ಮಗುವನ್ನು ಓರಗೆಯವರು ದೂರವಿಡುತ್ತಾರೆ. ಬೆಟ್ಸಿ ಹೋಜಾ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಡಿಎಚ್‌ಡಿ ಇದ್ದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಹಪಾಠಿಗಳಿಂದ ತಿರಸ್ಕೃತರ ಸಾಲಿನಲ್ಲಿದ್ದರು.

ಮೇಷ್ಟ್ರು: ಇಲ್ಲಿ ನಾನು ಗಟ್ಟಿಯಾಗಿ ನಿಲ್ಲುತ್ತೇನೆ. ಯಾರೂ ಆಟಕ್ಕೆ ಸೇರಿಸಿಕೊಳ್ಳದ ಮಗುವಿನ ನೋವನ್ನು ಹತ್ತಿರದಿಂದ ಕಂಡವರಿಗೆ ನಿಮ್ಮ ಸ್ವೀಕಾರದ ಮಾತು ಸಾಲದು. ಸರದಿ ಕಾಯುವುದು, ಕೇಳಿಸಿಕೊಳ್ಳುವುದು, ಎದುರಿನವರ ಮುಖ ಗಮನಿಸುವುದು ಇವನ್ನು ಕಲಿಸದೆ ‘ನೀನು ಇರುವ ಹಾಗೇ ಚೆನ್ನ’ ಅಂದರೆ ಆ ಮಗು ಒಂಟಿಯಾಗಿಯೇ ಉಳಿಯುತ್ತದೆ.

ಥೆರಪಿಸ್ಟ್: ಹಾಗೆ ಕಲಿಸಿ ನೋಡಿದ್ದಾರೆ. ಸಾಮಾಜಿಕ ಕೌಶಲ ತರಬೇತಿ ಎಂಬ ಹೆಸರಿನಲ್ಲಿ ವರ್ಷಗಟ್ಟಲೆ ಕಲಿಸಿದ್ದಾರೆ. 2019ರ ಕಾಕ್ರೇನ್ ಸಮೀಕ್ಷೆ ಇಂಥ 25 ಪ್ರಯೋಗಗಳನ್ನು, 2,690 ಮಕ್ಕಳು ಮತ್ತು ಹರೆಯದವರ ಫಲಿತಾಂಶಗಳನ್ನು ಒಟ್ಟಿಗೆ ನೋಡಿತು. ಎಡಿಎಚ್‌ಡಿ ಇರುವ ಮಕ್ಕಳಿಗೆ ಈ ತರಬೇತಿಯಿಂದ ಪ್ರಯೋಜನವಾಗುತ್ತದೆ ಅನ್ನಲು ಭರವಸೆಯ ಆಧಾರ ಸಿಗಲಿಲ್ಲ. ಕಾರಣವೂ ಊಹಿಸಬಹುದಾದದ್ದೇ. ಸರದಿ ಕಾಯಬೇಕು ಅಂತ ಈ ಮಗುವಿಗೆ ಗೊತ್ತಿದೆ, ಕೇಳಿದರೆ ನಿಯಮವನ್ನು ತಪ್ಪಿಲ್ಲದೆ ಹೇಳುತ್ತದೆ. ಆಟದ ಬಿಸಿಯಲ್ಲಿ, ಬೇಕಾದ ಗಳಿಗೆಗೆ ಅದು ಕೈಗೆ ಸಿಗುವುದಿಲ್ಲ. ಕೋಣೆಯಲ್ಲಿ ಕೂರಿಸಿ ನಿಯಮವನ್ನು ಮತ್ತೆ ಮತ್ತೆ ಒಪ್ಪಿಸಿದರೆ ಇಲ್ಲದ ಕೊರತೆಯನ್ನು ತುಂಬಿದ ಹಾಗಾಯಿತು.

ಮೇಷ್ಟ್ರು: ಒಂದು ಬಗೆಯ ಕಲಿಕೆ ಫಲಿಸಲಿಲ್ಲ ಅಂದರೆ ಕಲಿಸುವುದೇ ಬೇಡ ಅಂತ ಆಗುವುದಿಲ್ಲ. ಆಟದ ಬಯಲಲ್ಲೇ ಕಲಿಸಿ.

ಥೆರಪಿಸ್ಟ್: ಒಪ್ಪಿದೆ. ಕಲಿಕೆ ನಡೆಯಬೇಕಾದದ್ದು ಬಯಲಲ್ಲೇ. ಜೊತೆಗೆ ಇನ್ನೊಂದು ಬದಿಯೂ ಕಲಿಯಬೇಕು. ಅಮೋರಿ ಮಿಕಾಮಿ ಮತ್ತು ಸಂಗಡಿಗರು ಮೊಸಾಯಿಕ್ ಎಂಬ ಕಾರ್ಯಕ್ರಮವೊಂದನ್ನು ರೂಪಿಸಿದರು. ಅದರಲ್ಲಿ ಶಿಕ್ಷಕರು ಆ ಮಗುವಿನ ಒಳ್ಳೆಯ ಗುಣಗಳನ್ನು ಎಲ್ಲರೆದುರು ಗುರುತಿಸುತ್ತಾರೆ, ಯಾರನ್ನೂ ಹೊರಗಿಡಬಾರದೆಂಬ ನಿಯಮ ಮಾಡುತ್ತಾರೆ, ಓರಗೆಯವರ ನೋಟವನ್ನೂ ಬದಲಿಸುತ್ತಾರೆ. 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮಗುವನ್ನಷ್ಟೇ ತಿದ್ದುವ ಕ್ರಮಕ್ಕೆ ಹೋಲಿಸಿದರೆ ಇದರಿಂದ ತಿರಸ್ಕಾರ ಹೆಚ್ಚು ತಗ್ಗಿತು. 2012ರಲ್ಲಿ ಇಂಗ್ಲೆಂಡಿನ ಡೇಮಿಯನ್ ಮಿಲ್ಟನ್ ಆಟಿಸಂ ಬಗ್ಗೆ ಹೇಳಿದ ಮಾತು ಇಲ್ಲಿಗೂ ಹತ್ತಿರ: ಇಬ್ಬರ ನಡುವೆ ಮಾತು ಮುರಿದರೆ ದೋಷ ಒಬ್ಬರದೇ ಆಗಿರಬೇಕಿಲ್ಲ, ಅರ್ಥಮಾಡಿಕೊಳ್ಳುವ ಕಷ್ಟ ಎರಡು ಕಡೆಯದು.

ಮೇಷ್ಟ್ರು: ಮೊಸಾಯಿಕ್ ಬೇಸಿಗೆ ಶಿಬಿರದಂಥ ಸಣ್ಣ ಪ್ರಯೋಗ ಅಂತ ನೆನಪಿಡಿ. ನಮ್ಮ ಓಣಿಯ ಮಕ್ಕಳಿಗೆ, ನೆಂಟರಿಗೆ, ಬಸ್ಸಿನ ಕಂಡಕ್ಟರಿಗೆ ತರಬೇತಿ ಕೊಡಲು ಆಗುವುದಿಲ್ಲ. ಜಗತ್ತು ಬದಲಾಗುವ ತನಕ ಬಾಲ್ಯ ಕಾಯುವುದಿಲ್ಲ.

ಥೆರಪಿಸ್ಟ್: ಅದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಮಗುವಿಗೇ ಕೆಲವು ಮಾತುಗಳನ್ನು ಕೊಡುತ್ತೇವೆ. ‘ಇನ್ನೊಂದು ಸಲ ಹೇಳಿ, ತಪ್ಪಿಹೋಯಿತು.’ ‘ನಿನ್ನ ಮಾತಿಗೆ ಅಡ್ಡ ಬಂದೆ, ನೀನು ಮುಂದುವರಿಸು.’ ‘ನನಗೆ ಎರಡು ನಿಮಿಷ ಹೊರಗೆ ಹೋಗಿ ಬರಬೇಕು.’ ತನಗೇನು ಬೇಕು ಅಂತ ಕೇಳಲು ಬಂದ ಮಗು ತರಬೇತಿಯಿಲ್ಲದ ಜಗತ್ತಿನಲ್ಲೂ ಸ್ವಲ್ಪ ದಾರಿ ಮಾಡಿಕೊಳ್ಳುತ್ತದೆ.

ಈ ಭಿನ್ನಾಭಿಪ್ರಾಯದ ಅಡಿಯಲ್ಲಿ ಇನ್ನೂ ದೊಡ್ಡ ಪ್ರಶ್ನೆಯಿದೆ. ಎಡಿಎಚ್‌ಡಿ ಒಂದು ಭಿನ್ನತೆಯೇ, ತೊಂದರೆಯೇ? ನರವೈವಿಧ್ಯದ ವಿಚಾರ 1990ರ ದಶಕದಲ್ಲಿ ಆಟಿಸಂ ಇರುವವರ ಬಳಗಗಳಲ್ಲಿ ರೂಪುಗೊಂಡಿತು. 1998ರಲ್ಲಿ ಆಸ್ಟ್ರೇಲಿಯಾದ ಜೂಡಿ ಸಿಂಗರ್ ಅವರ ಪ್ರಬಂಧದಲ್ಲೂ ಅಮೆರಿಕದ ಪತ್ರಕರ್ತ ಹಾರ್ವೆ ಬ್ಲೂಮ್ ಅವರ ಲೇಖನದಲ್ಲೂ ಅದು ಬರವಣಿಗೆಗೆ ಬಂತು. ಮುಂದೆ ಎಡಿಎಚ್‌ಡಿ, ಡಿಸ್ಲೆಕ್ಸಿಯಾ ಇರುವವರೂ ಅದನ್ನು ತಮ್ಮದಾಗಿಸಿಕೊಂಡರು.

ಥೆರಪಿಸ್ಟ್: ಹಿಂದೆ ಎಡಗೈಯಲ್ಲಿ ಬರೆಯುವ ಮಕ್ಕಳ ಕೈಗೆ ಹೊಡೆದು ಬಲಗೈಗೆ ಬಳಪ ಕೊಡುತ್ತಿದ್ದರು. ಬರಹ ಬಂತು, ಜೊತೆಗೆ ನನ್ನಲ್ಲಿ ಏನೋ ಕೆಟ್ಟದ್ದಿದೆ ಎಂಬ ಭಾವವೂ ಬಂತು. ಮಾತಿನ ರೀತಿಯನ್ನು ಹಗಲಿಡೀ ತಿದ್ದಿಸಿಕೊಳ್ಳುವ ಮಗುವೂ ಅದನ್ನೇ ಕಲಿಯುತ್ತದೆ. ಬಾಯಿ ಬಿಟ್ಟರೆ ತಪ್ಪಾಗುತ್ತದೆ ಅಂತ ಅನಿಸಿದ ಮೇಲೆ ಮಗು ಬಾಯಿ ಬಿಡುವುದನ್ನೇ ಕಡಿಮೆ ಮಾಡುತ್ತದೆ. ಸ್ಪೀಚ್ ಥೆರಪಿಗೆ ಅದಕ್ಕಿಂತ ದೊಡ್ಡ ಸೋಲಿಲ್ಲ.

ಮೇಷ್ಟ್ರು: ಹೋಲಿಕೆ ಅರ್ಧದವರೆಗೆ ಮಾತ್ರ ನಡೆಯುತ್ತದೆ. ಎಡಗೈಯಿಂದ ಪ್ರಾಣಕ್ಕೆ ಅಪಾಯವಿಲ್ಲ. ಡೆನ್ಮಾರ್ಕಿನಲ್ಲಿ ಸುಮಾರು 19 ಲಕ್ಷ ಜನರ ದಾಖಲೆಗಳನ್ನು ಪರಿಶೀಲಿಸಿದ, 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನವಿದೆ. ಎಡಿಎಚ್‌ಡಿ ಇರುವವರಲ್ಲಿ ಸಾವಿನ ಪ್ರಮಾಣ ಇತರರಿಗಿಂತ ಸುಮಾರು ಎರಡು ಪಟ್ಟು. ಅಪಘಾತವೇ ಅದಕ್ಕೆ ಮುಖ್ಯ ಕಾರಣ. ಇದನ್ನು ಬರೀ ಭಿನ್ನತೆ ಅಂದುಬಿಟ್ಟರೆ ಔಷಧ ಬೇಕಾದ ಮಗುವಿಗೆ ಔಷಧ ತಡವಾಗುತ್ತದೆ, ನೆರವು ಬೇಕಾದ ಮನೆಗೆ ನೆರವು ತಪ್ಪುತ್ತದೆ.

ಥೆರಪಿಸ್ಟ್: ಆ ಎಚ್ಚರಿಕೆ ಸರಿ. ನರವೈವಿಧ್ಯವನ್ನು ಒಪ್ಪುವುದು ಅಂಗವೈಕಲ್ಯವನ್ನು ನಿರಾಕರಿಸುವುದಲ್ಲ. ರಸ್ತೆಯಲ್ಲಿ ದುಡುಕುವ ಮಗುವಿಗೆ ರಕ್ಷಣೆ ಬೇಕು, ಔಷಧ ಬೇಕೇ ಎಂಬುದನ್ನು ಮನೋವೈದ್ಯರು ನಿರ್ಧರಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗ ಇರುವುದೇ ಅದಕ್ಕೆ. ಸ್ಪೀಚ್ ಥೆರಪಿ ಔಷಧಕ್ಕೆ ಬದಲಿಯಲ್ಲ. ಔಷಧವೂ ಕತೆ ಕಟ್ಟುವುದನ್ನು ತಾನಾಗಿ ಕಲಿಸುವುದಿಲ್ಲ.

ಮೇಷ್ಟ್ರು: ಇನ್ನೊಂದು ವಿಷಯ. ಭಿನ್ನತೆ ಅನ್ನುವವರು ಕಾನೂನನ್ನು ನೋಡಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ. ಆಟಿಸಂ ಇದೆ, ಕಲಿಕಾ ನ್ಯೂನತೆ ಇದೆ, ಮಾತು ಮತ್ತು ಭಾಷೆಯ ವೈಕಲ್ಯವಿದೆ. ಎಡಿಎಚ್‌ಡಿ ಎಂಬ ಹೆಸರು ಅದರಲ್ಲಿಲ್ಲ. ವೈಕಲ್ಯವೇ ಅಲ್ಲ ಅಂತ ನಾವೇ ಹೇಳುತ್ತ ಹೋದರೆ ಆ ಹೆಸರು ಎಂದಾದರೂ ಸೇರೀತೆ?

ಥೆರಪಿಸ್ಟ್: ಸೇರಬೇಕು ಅಂತಲೇ ನನ್ನ ಅಭಿಪ್ರಾಯ. ಮಗುವಿನ ಆತ್ಮಗೌರವಕ್ಕೆ ಒಂದು ಭಾಷೆ, ಹಕ್ಕು ಕೇಳಲು ಇನ್ನೊಂದು ಭಾಷೆ ಬೇಕಾಗುತ್ತದೆ. ಎರಡನ್ನೂ ಒಟ್ಟಿಗೆ ಹಿಡಿಯುವುದು ಸುಲಭವಲ್ಲ ಅನ್ನುವುದನ್ನು ಒಪ್ಪುತ್ತೇನೆ.

ನಂತರ ಬರುವುದು ಪುರಾವೆ ಮತ್ತು ಆಚರಣೆಯ ಪ್ರಶ್ನೆ.

ಮೇಷ್ಟ್ರು: ಹಳೆಯ ಕ್ರಮಕ್ಕೆ ಪುರಾವೆ ಇಲ್ಲ ಅಂದಿರಿ. ಹೊಸದಕ್ಕೆ ಇದೆಯೆ?

ಥೆರಪಿಸ್ಟ್: ಇಡಿಯಾಗಿ ತೆಗೆದುಕೊಂಡರೆ ಕಡಿಮೆ. ಈ ಕ್ರಮದ ಬರವಣಿಗೆ ಹೆಚ್ಚಾಗಿ ಆಟಿಸಂ ಕುರಿತದ್ದು. ಎಡಿಎಚ್‌ಡಿಗೆ ಅಲ್ಲಿಂದ ತಂದುಕೊಂಡಿದ್ದೇವೆ. ಬಿಡಿ ಬಿಡಿಯಾಗಿ ನೋಡಿದರೆ ಕತೆ ಹೇಳುವ ಚೌಕಟ್ಟನ್ನು ಕಲಿಸುವುದು, ದಿನಚರಿಯನ್ನು ಕಣ್ಣಿಗೆ ಕಾಣುವಂತೆ ಇಡುವುದು, ಪೋಷಕರಿಗೆ ತರಬೇತಿ ಕೊಡುವುದು ಇವುಗಳ ಹಿಂದೆ ಸಂಶೋಧನೆ ಇದೆ.

ಮೇಷ್ಟ್ರು: ಪೋಷಕರ ತರಬೇತಿಯಲ್ಲಿ ಬಹುಮಾನವೂ ಸೇರಿದೆ. ಹೇಳಿದ ಕೆಲಸ ಮುಗಿಸಿದರೆ ಒಂದು ಚುಕ್ಕೆ, ಹತ್ತು ಚುಕ್ಕೆಗೆ ಒಂದು ಆಟ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2019ರ ಮಾರ್ಗಸೂಚಿಯಲ್ಲಿ 4ರಿಂದ 6 ವರ್ಷದೊಳಗಿನವರಿಗೆ ಮೊದಲು ಕೊಡಬೇಕಾದದ್ದು ಇಂಥ ವರ್ತನಾ ತರಬೇತಿಯೇ ಅಂದಿದೆ. ನರವೈವಿಧ್ಯದ ಪರವಾದ ಕೆಲವರು ಬಹುಮಾನವನ್ನೇ ವಿರೋಧಿಸುತ್ತಾರೆ. ನೀವು ಯಾವ ಕಡೆ?

ಥೆರಪಿಸ್ಟ್: ದೂರದ ಫಲಕ್ಕಿಂತ ಕೈಗೆಟುಕುವ ಫಲ ಈ ಮಕ್ಕಳನ್ನು ಹೆಚ್ಚು ಎಳೆಯುತ್ತದೆ. ಹಾಗಾಗಿ ಬಹುಮಾನ ಕೆಲಸ ಮಾಡುತ್ತದೆ. ಯಾವುದಕ್ಕೆ ಬಹುಮಾನ ಅನ್ನುವುದನ್ನು ನಾನು ನೋಡುತ್ತೇನೆ. ಕೈ ಅಲುಗಿಸದೆ ಕೂತಿದ್ದಕ್ಕೆ ಕೊಟ್ಟರೆ ಮಗು ತನ್ನ ಸ್ವಭಾವ ಮುಚ್ಚಿಡುವುದನ್ನು ಕಲಿಯುತ್ತದೆ. ಅರ್ಥವಾಗದಿದ್ದಾಗ ಕೈಯೆತ್ತಿ ಕೇಳಿದ್ದಕ್ಕೆ ಕೊಟ್ಟರೆ ಬದುಕಿಗೆ ಬೇಕಾದದ್ದನ್ನು ಕಲಿಯುತ್ತದೆ.

ಮೇಷ್ಟ್ರು: ಆ ಗೆರೆ ಎಳೆಯುವವರು ಯಾರು? ಇವತ್ತು ನೀವು, ನಾಳೆ ಇನ್ನೊಬ್ಬರು. ಹೆಸರು ಮಾತ್ರ ಬದಲಿಸಿ ಅದೇ ಹಳೆಯ ತಿದ್ದುವಿಕೆ ನಡೆಸುವವರು ಬರುತ್ತಾರೆ. ಒಪ್ಪುತ್ತೇವೆ ಅಂತ ಹೇಳಿ ಏನನ್ನೂ ಕಲಿಸದೆ ಶುಲ್ಕ ಪಡೆಯುವವರೂ ಬರುತ್ತಾರೆ. ಪೋಷಕರಿಗೆ ವ್ಯತ್ಯಾಸ ಹೇಗೆ ತಿಳಿಯಬೇಕು?

ಥೆರಪಿಸ್ಟ್: ಮೊದಲು ಥೆರಪಿಸ್ಟ್ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರೇ ಅಂತ ಕೇಳಬೇಕು. 1992ರ ಕಾಯ್ದೆಯಡಿ ಅದು ಅಗತ್ಯ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಕನ್ನಡದಲ್ಲೇ ಭಾಷೆಯನ್ನು ಪರೀಕ್ಷಿಸುವ ಸೌಲಭ್ಯವಿದೆ. ಗುರಿಗಳನ್ನು ಬರಹದಲ್ಲಿ ಕೇಳಬೇಕು. ಗುರಿಯ ಮುಂದೆ ಅಳತೆಯೂ ಇರಬೇಕು.

ಮೇಷ್ಟ್ರು: ಮೈಸೂರು, ಬೆಂಗಳೂರು, ಮಂಗಳೂರು ಸರಿ. ತಾಲ್ಲೂಕು ಕೇಂದ್ರದಿಂದಾಚೆ ಥೆರಪಿಸ್ಟ್ ಸಿಗುವುದು ಅಪರೂಪ. ವಾರಕ್ಕೊಮ್ಮೆ ಕೂಲಿ ಬಿಟ್ಟು ಬಸ್ಸು ಹಿಡಿಯುವ ತಾಯಿಗೆ ನಿಮ್ಮ ಹೊಸ ಕ್ರಮವೂ ಒಂದೇ, ಹಳೆಯ ಕ್ರಮವೂ ಒಂದೇ.

ಥೆರಪಿಸ್ಟ್: ಹಾಗಾಗಿಯೇ ಕೆಲಸದ ಭಾರ ಕೋಣೆಯಿಂದ ಮನೆಗೆ, ಶಾಲೆಗೆ ಹೋಗಬೇಕು. ಕರ್ನಾಟಕದ ಬ್ಲಾಕುಗಳಲ್ಲಿ ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರಿದ್ದಾರೆ. ಅವರಿಗೆ ಇದನ್ನು ಕಲಿಸಬಹುದು. ಅಜ್ಜಿಯ ಕತೆಯನ್ನು ಆ ಐದು ಪ್ರಶ್ನೆಗಳ ಚೌಕಟ್ಟಿನಲ್ಲಿ ತಿರುಗಿ ಹೇಳಿಸುವುದನ್ನು ಯಾವ ಮನೆಯಲ್ಲೂ ಮಾಡಬಹುದು. ಮನೆಮಾತನ್ನು ಬಿಡಿಸಬಾರದು ಅನ್ನುವುದೂ ಮುಖ್ಯ. ತುಳು, ಕೊಂಕಣಿ, ಉರ್ದು, ತೆಲುಗು ಮನೆಯ ಮಗುವಿಗೆ ‘ಒಂದೇ ಭಾಷೆ ಮಾತಾಡಿಸಿ, ಗೊಂದಲವಾಗುತ್ತದೆ’ ಎಂಬ ಸಲಹೆ ಈಗಲೂ ಸಿಗುತ್ತದೆ. ಎರಡು ಭಾಷೆ ಎಡಿಎಚ್‌ಡಿಯನ್ನು ತರುವುದಿಲ್ಲ. ಮನೆಮಾತು ಬಿಟ್ಟರೆ ಮಗುವಿಗೆ ಅಜ್ಜಿಯ ಜೊತೆ ಮಾತು ತಪ್ಪುತ್ತದೆ, ಅಷ್ಟೇ.

ಮೇಷ್ಟ್ರು: ಕೊನೆಯದಾಗಿ ಒಂದು ಕೇಳುತ್ತೇನೆ. ಮಗುವೇ ‘ನನಗೆ ಎಲ್ಲರ ಹಾಗೆ ಆಗಬೇಕು’ ಅಂದರೆ ಏನು ಮಾಡುತ್ತೀರಿ? ಹತ್ತು ವರ್ಷದ ಮಕ್ಕಳಲ್ಲಿ ಹೆಚ್ಚಿನವರು ಹಾಗೇ ಅನ್ನುತ್ತಾರೆ.

ಥೆರಪಿಸ್ಟ್: ಅದು ನಮಗೆ ಅತ್ಯಂತ ಕಷ್ಟದ ಗಳಿಗೆ. ಯಾವ ಕಡೆ, ಯಾರ ಜೊತೆ, ಯಾವ ವಿಷಯದಲ್ಲಿ ಹಾಗಾಗಬೇಕು ಅಂತ ಬಿಡಿಸಿ ಕೇಳುತ್ತೇನೆ. ಕಬಡ್ಡಿ ತಂಡಕ್ಕೆ ಸೇರಬೇಕು ಅಂದರೆ ಅದಕ್ಕೆ ಬೇಕಾದ ಮಾತನ್ನು ಕಲಿಸುತ್ತೇನೆ. ನಾನು ಕೆಟ್ಟವನು, ಅದಕ್ಕೇ ಬದಲಾಗಬೇಕು ಅಂದರೆ ಮೊದಲು ಆ ನಂಬಿಕೆಯ ಜೊತೆ ಕೆಲಸ ಮಾಡುತ್ತೇನೆ. ಎರಡನ್ನೂ ಬೇರ್ಪಡಿಸಲು ಪ್ರತಿ ಸಲ ಆಗುವುದಿಲ್ಲ.

ಮೇಷ್ಟ್ರು: ಅದು ಆಗದಿದ್ದಾಗ ನಾನು ಕಲಿಸುವ ಕಡೆ ವಾಲುತ್ತೇನೆ.

ಥೆರಪಿಸ್ಟ್: ನಾನು ಕೇಳಿಸಿಕೊಳ್ಳುವ ಕಡೆ ವಾಲುತ್ತೇನೆ.

ಇಬ್ಬರ ನಡುವಿನ ಅಂತರ ಪೂರ್ತಿ ಮುಚ್ಚುವುದಿಲ್ಲ. ತರಗತಿಯ ಉಳಿದ ಮಕ್ಕಳ ಹಿತ, ಬಹುಮಾನದ ಬಳಕೆ, ಬದಲಾಗದ ಜಗತ್ತಿಗೆ ಮಗುವನ್ನು ಎಷ್ಟು ಸಿದ್ಧಗೊಳಿಸಬೇಕು ಎಂಬ ಪ್ರಶ್ನೆಗಳು ತೆರೆದೇ ಉಳಿಯುತ್ತವೆ. ಕೆಲವು ವಿಷಯಗಳಲ್ಲಿ ಇಬ್ಬರಿಗೂ ಭೇದವಿಲ್ಲ: ಭಾಷೆಯ ತೊಡಕನ್ನು ಪರೀಕ್ಷಿಸಿ ಗುರುತಿಸಬೇಕು, ಸೂಚನೆಗಳನ್ನು ಚಿಕ್ಕದು ಮಾಡಬೇಕು, ತನಗೆ ತಾನೇ ಆಡಿಕೊಳ್ಳುವ ಮಾತನ್ನು ತಡೆಯಬಾರದು, ಕಲಿಕೆ ಮಗು ಬದುಕುವ ಜಾಗದಲ್ಲೇ ನಡೆಯಬೇಕು. ಮಗುವಿನ ಕಡೆಗೊಂದು ಗುರಿ, ಅದರ ಸುತ್ತಲಿನವರ ಕಡೆಗೊಂದು ಗುರಿ ಇಲ್ಲದ ಥೆರಪಿ ಯೋಜನೆ ಅರ್ಧ ಯೋಜನೆ.

ಮಗುವನ್ನು ಸ್ಪೀಚ್ ಥೆರಪಿಗೆ ಸೇರಿಸುವ ಪೋಷಕರು ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳಬೇಕು. ಈ ಗುರಿಯಿಂದ ಮಗುವಿಗೆ ಏನು ಸುಲಭವಾಗುತ್ತದೆ? ಮನೆಯವರು ಮತ್ತು ಶಿಕ್ಷಕರು ಏನನ್ನು ಬದಲಿಸಿಕೊಳ್ಳಬೇಕು? ಪ್ರಗತಿಯನ್ನು ಯಾವುದರಿಂದ ಅಳೆಯುತ್ತೀರಿ? ಮೊದಲನೆಯದಕ್ಕೆ ‘ನೋಡುವವರಿಗೆ ಚೆನ್ನಾಗಿರುತ್ತದೆ’ ಎಂಬುದಷ್ಟೇ ಉತ್ತರವಾದರೆ, ಎರಡನೆಯದಕ್ಕೆ ಉತ್ತರವೇ ಇಲ್ಲದಿದ್ದರೆ, ಮೂರನೆಯದನ್ನು ತೇಲಿಸಿಬಿಟ್ಟರೆ, ಬೇರೆ ಥೆರಪಿಸ್ಟ್ ಅವರನ್ನು ಹುಡುಕುವ ಹಕ್ಕು ಪೋಷಕರಿಗಿದೆ. ಆ ಹಕ್ಕನ್ನು ಅವರು ಸಂಕೋಚವಿಲ್ಲದೆ ಬಳಸಬೇಕು.